ಕಣ್ಣು ಮತ್ತು ಹೆಜ್ಜೆ



ನಡೆಯುವುದು ಕಾಲಿನ ಕೆಲಸವೆಂದು ನಾವೆಲ್ಲರೂ ತಿಳಿದಿದ್ದೇವೆ. ಅದರಲ್ಲಿ ಕಣ್ಣಿನ ಪಾಲು ಎಷ್ಟೆಂಬುದು ಕಲ್ಲುಮುಳ್ಳಿನ ದಾರಿಗೆ ಇಳಿದಾಗಲೇ ಗೊತ್ತಾಗತಕ್ಕದ್ದು. ಸಮನಾದ ರಸ್ತೆಯಲ್ಲಿ ಹೋಗುವವನು ಅಂಗಡಿಗಳನ್ನೋ ಆಕಾಶವನ್ನೋ ನೋಡುತ್ತ ಹೋದಾನು. ಅವನನ್ನೇ ಬಂಡೆ ತುಂಬಿದ ಹಳ್ಳದೊಳಕ್ಕೆ ಇಳಿಸಿರಿ; ಕಣ್ಣು ನೆಲವನ್ನು ಬಿಟ್ಟು ಏಳುವುದೇ ಅಪರೂಪ.

ಆದರೆ ಆ ಕಣ್ಣು ನೆಲದಲ್ಲಿ ಎಲ್ಲಿ ನೆಟ್ಟಿರುತ್ತದೆ? ಈಗ ಊರುತ್ತಿರುವ ಪಾದದ ಬಳಿ ಎಂದು ತೋರುವುದು ಸಹಜ, ಅದು ಸರಿಯಲ್ಲ. ಮ್ಯಾಥಿಸ್, ಯೇಟ್ಸ್, ಹೇಹೋ ಎಂಬ ಮೂವರು ವಿದ್ವಾಂಸರು ಕಣ್ಣಿನ ಮತ್ತು ಕಾಲಿನ ಚಲನೆಗಳನ್ನು ಒಟ್ಟಿಗೆ ಗುರುತಿಸುವ ಉಪಕರಣಗಳನ್ನು ತೊಡಿಸಿ, ಜನರನ್ನು ಬಯಲಿನ ಹಲವು ಬಗೆಯ ದಾರಿಗಳಲ್ಲಿ ನಡೆಯಿಸಿ, 2018ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಒರಟು ದಾರಿಯಲ್ಲಿ ದೃಷ್ಟಿಯು ಎರಡು ಮೂರು ಹೆಜ್ಜೆಗಳಷ್ಟು ಮುಂದೆ ಇದ್ದಿತು. ದಾರಿ ಕೆಟ್ಟಂತೆ ನಡಿಗೆ ನಿಧಾನವಾಯಿತು. ಆದರೂ ಕಣ್ಣು ಕಾಲಿಗಿಂತ ಸುಮಾರು 1.5 ಸೆಕೆಂಡು ಮುಂದಿರುವುದು ಮಾತ್ರ ತಪ್ಪಲಿಲ್ಲ.

ಇದಕ್ಕೆ ಕಾರಣವುಂಟು. ಊರಿದ ಕಾಲಿನ ಮೇಲೆ ನಮ್ಮ ದೇಹವು ತಲೆಕೆಳಗಾದ ಲೋಲಕದಂತೆ ಮುಂದಕ್ಕೆ ವಾಲುತ್ತದೆ. ಹಿಂದಿನ ಕಾಲು ನೆಲವನ್ನು ಒತ್ತಿ ಬಿಡುವ ಗಳಿಗೆಯಲ್ಲಿಯೇ ಅದರ ವೇಗವೂ ದಿಕ್ಕೂ ಬಹುಮಟ್ಟಿಗೆ ಗೊತ್ತಾಗಿಬಿಡುತ್ತವೆ. ಆಮೇಲೆ ತಿದ್ದಿಕೊಳ್ಳುವುದು ಸಾಧ್ಯವೇ. ಆದರೆ ಶ್ರಮ ಹೆಚ್ಚು. ನೆಲದ ಮೇಲೆ ಬೆಳಕಿನ ಗುರುತುಗಳನ್ನು ಮೂಡಿಸಿ ಅಳಿಸಿ ಪರೀಕ್ಷಿಸಿದ 2017ರ ಇನ್ನೊಂದು ಪ್ರಯೋಗವು, ಹೆಜ್ಜೆಯಿಡುವ ತಾಣವನ್ನು ಅದರ ಹಿಂದಿನ ಹೆಜ್ಜೆಯ ಉತ್ತರಾರ್ಧದಲ್ಲಿ ಕಾಣುವುದೇ ಮುಖ್ಯವೆಂದು ತೋರಿಸಿತು.

ಇದನ್ನು ಬರಿಯ ಕುತೂಹಲದ ವಿಷಯವೆಂದು ತಳ್ಳಿಹಾಕುವವರು ಮನೆಯ ಹಿರಿಯರನ್ನು ನೆನೆಯಬೇಕು. ಬೀಳುವ ಭಯ ಹೆಚ್ಚಾಗಿರುವ ವೃದ್ಧರು, ಪಾದ ಇನ್ನೂ ನೆಲ ಮುಟ್ಟುವ ಮೊದಲೇ, ಕಣ್ಣನ್ನು ಮುಂದಿನ ಅಡಚಣೆಯ ಕಡೆಗೆ ತಿರುಗಿಸಿಬಿಡುತ್ತಾರೆ. ಪಾದ ಗುರಿ ತಪ್ಪುತ್ತದೆ. ಅವಸರದಿಂದಲ್ಲ, ಅಂಜಿಕೆಯಿಂದ ಹೀಗಾಗುವುದೆಂದು ನನಗೆ ತೋರುತ್ತದೆ.

ಇನ್ನು ಬೈಫೋಕಲ್ ಕನ್ನಡಕ. ಅದರ ಕೆಳಭಾಗವು ಪುಸ್ತಕದ ದೂರಕ್ಕೆ ಹೊಂದಿಸಿದ್ದು. ಮೆಟ್ಟಿಲಿಳಿಯುವವರು ನೆಲವನ್ನು ನೋಡುವುದು ಅದರ ಮೂಲಕವೇ. ಮೆಟ್ಟಿಲಿನ ಅಂಚು ಮಸುಕಾಗುತ್ತದೆ. (ಕನ್ನಡಕ ಕೊಳ್ಳುವಾಗ ಅಕ್ಷರ ಓದಿಸಿ ನೋಡುತ್ತಾರೆ, ಮೆಟ್ಟಿಲು ಇಳಿಸಿ ನೋಡುವವರನ್ನು ನಾನು ಕಂಡಿಲ್ಲ.) ಇಂಥ ಕನ್ನಡಕದಿಂದ ಬೀಳುವ ಅಪಾಯ ಹೆಚ್ಚೆಂದು 2002ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಬರೆದರು. ಹೊರಗೆ ಓಡಾಡಲು ದೂರದೃಷ್ಟಿಯದೊಂದು ಬೇರೆ ಕನ್ನಡಕ ಕೊಟ್ಟು ನೋಡಿದ ಪರೀಕ್ಷೆ 2010ರಲ್ಲಿ ಪ್ರಕಟವಾಯಿತು. ದಿನವೂ ಹೊರಗೆ ಸುತ್ತಾಡುವ ವೃದ್ಧರು ಬೀಳುವುದು ಕಡಮೆಯಾಯಿತು; ಮನೆಯೊಳಗೇ ಹೆಚ್ಚು ಇರುವವರು ಮಾತ್ರ, ಹೊರಗೆ ಹೋದಾಗ, ಮೊದಲಿಗಿಂತ ಹೆಚ್ಚಾಗಿ ಬಿದ್ದರು. ಆದುದರಿಂದ ಕನ್ನಡಕ ಬದಲಿಸುವ ಮುನ್ನ, ದಿನಕ್ಕೆ ಎಷ್ಟು ನಡೆಯುತ್ತೀರಿ ಎಂಬುದನ್ನೂ ವೈದ್ಯರಿಗೆ ತಿಳಿಸಿರಿ.