ಪೊಲೀಸರ ಖರ್ಚನ್ನು ನಿರ್ಧರಿಸುವವರು ಯಾರು?

(ಸಂವಾದ ಕೂಟವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಕೆಲವು ವರ್ಷಗಳ ಹಿಂದೆ ನಮ್ಮ ವಾರ್ಡಿನ ಸಭೆಯೊಂದರಲ್ಲಿ ವೃದ್ಧರೊಬ್ಬರು ಎದ್ದು ನಿಂತು ಒಂದು ಅರ್ಜಿ ಕೊಟ್ಟರು. ಶಾಲೆ ಬಿಟ್ಟ ಮೇಲೆ ಹೆಣ್ಣು ಮಕ್ಕಳು ನಡೆದು ಬರುವ ರಸ್ತೆಯ ತಿರುವಿನಲ್ಲಿ ಸಂಜೆಯ ಹೊತ್ತು ಗಾಂಜಾ ಸೇದುವವರ ಕಾಟ ಹೆಚ್ಚಾಗಿದೆ, ಅಲ್ಲೊಂದು ಪೊಲೀಸ್ ಹೊರಠಾಣೆ ಬೇಕು ಎಂಬುದು ಅವರ ಬೇಡಿಕೆಯಾಗಿತ್ತು. ಸದಸ್ಯರು ಅರ್ಜಿಯನ್ನು ಓದಿ ಹೇಳಿದರು: "ಹಾಜಿಯವರೇ, ಬೀದಿದೀಪ ಕೇಳಿ, ನಾಳೆಯೇ ಹಾಕಿಸುತ್ತೇನೆ. ಚರಂಡಿ ಕೇಳಿ, ಮಾಡಿಸುತ್ತೇನೆ. ಪೊಲೀಸ್ ಮಾತ್ರ ನಮ್ಮ ಕೈಯಲ್ಲಿಲ್ಲ." ಅವರು ನುಣುಚಿಕೊಂಡರೆಂದು ಸಭೆಯಲ್ಲಿದ್ದ ಯುವಕರು ಗೊಣಗಿದರು. ಆದರೆ ಅವರು ಹೇಳಿದ್ದು ಸತ್ಯವಾಗಿತ್ತು. ನಮ್ಮ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಪೊಲೀಸ್ ರಾಜ್ಯ ಪಟ್ಟಿಗೆ ಸೇರಿದ ವಿಷಯ. ನಗರಸಭೆಯಾಗಲಿ, ಮಹಾನಗರ ಪಾಲಿಕೆಯಾಗಲಿ ಒಬ್ಬ ಕಾನ್‌ಸ್ಟೇಬಲನ್ನೂ ನೇಮಿಸಲಾರದು, ಒಂದು ಠಾಣೆಯ ಖರ್ಚನ್ನೂ ಪ್ರಶ್ನಿಸಲಾರದು.

ಹಾಗಾದರೆ ಆ ಅಧಿಕಾರ ಊರಿನ ಜನಪ್ರತಿನಿಧಿಗಳ ಕೈಯಲ್ಲೇ ಇದ್ದಿದ್ದರೆ ಏನಾಗುತ್ತಿತ್ತು? ಇಂದಿನ ಮಾತಿಗೆ ನಾವು ಆರಿಸಿಕೊಂಡ ಪ್ರಶ್ನೆ ಇದು. ಉತ್ತರವನ್ನು ಊಹಿಸುವ ಅಗತ್ಯವಿಲ್ಲ. ಅಮೆರಿಕದಲ್ಲಿ ನಗರಗಳೇ ತಮ್ಮ ಪೊಲೀಸರನ್ನು ಸಾಕುತ್ತವೆ. ಮನೆಗಂದಾಯದ ಹಣದಿಂದ ಅವರಿಗೆ ಸಂಬಳ ಹೋಗುತ್ತದೆ, ನಗರ ಕೌನ್ಸಿಲ್ ಆ ಬಜೆಟ್ಟಿಗೆ ಮತ ಹಾಕುತ್ತದೆ. ಅಲ್ಲಿನ ಮಿನಿಯಾಪೊಲಿಸ್ ಎಂಬ ನಗರ 2020ರಿಂದ ಈಚೆಗೆ ಹಾದುಬಂದ ದಾರಿಯನ್ನು ನಾವು ಸ್ವಲ್ಪ ಸಾವಧಾನವಾಗಿ ನೋಡೋಣ.

2020ರ ಮೇ 25ರಂದು ಆ ನಗರದ ಅಂಗಡಿಯೊಂದರಲ್ಲಿ 20 ಡಾಲರಿನ ಖೋಟಾ ನೋಟು ಕೊಟ್ಟರೆಂಬ ದೂರಿನ ಮೇಲೆ ಜಾರ್ಜ್ ಫ್ಲಾಯ್ಡ್ ಎಂಬ ಕರಿಯ ಜನಾಂಗದ ವ್ಯಕ್ತಿಯನ್ನು ಪೊಲೀಸರು ಹಿಡಿದರು. ಡೆರೆಕ್ ಶಾವಿನ್ ಎಂಬ ಅಧಿಕಾರಿ ಒಂಬತ್ತು ನಿಮಿಷಕ್ಕೂ ಮೀರಿ ಅವರ ಕುತ್ತಿಗೆಯ ಮೇಲೆ ಮೊಣಕಾಲೂರಿದ. ಮುಂದಿನದ್ದು ನಿಮಗೆಲ್ಲ ತಿಳಿದಿದೆ. ಮೇ 28ರ ರಾತ್ರಿ ಜನರ ಆಕ್ರೋಶಕ್ಕೆ ನಗರದ ಮೂರನೇ ವಲಯದ ಠಾಣೆಯೇ ಸುಟ್ಟು ಹೋಯಿತು. ಲೇಕ್ ಸ್ಟ್ರೀಟ್ ಎಂಬ ಬೀದಿಯುದ್ದಕ್ಕೂ ವಲಸಿಗರ ಅಂಗಡಿಗಳು ಬೆಂಕಿಗೆ ಆಹುತಿಯಾದವು. ಅನ್ಯಾಯದ ವಿರುದ್ಧ ಎದ್ದ ಬೆಂಕಿ ಅನ್ಯಾಯಕ್ಕೊಳಗಾದವರ ಅಂಗಡಿಯನ್ನೇ ಮೊದಲು ಸುಡುವುದು ನಮಗೆ ಹೊಸ ಸಂಗತಿಯಲ್ಲ.

ಜೂನ್ 6ರಂದು ಮೇಯರ್ ಜೇಕಬ್ ಫ್ರೇ ಪ್ರತಿಭಟನಾಕಾರರ ನಡುವೆ ಬಂದರು. ಪೊಲೀಸ್ ಇಲಾಖೆಯನ್ನು ಪೂರ್ತಿ ರದ್ದುಪಡಿಸಲು ತಾನು ಒಪ್ಪುವುದಿಲ್ಲವೆಂದು ಹೇಳಿದರು. ಜನರು ಕೂಗಿ ಅವರನ್ನು ಹೊರಗಟ್ಟಿದರು. ಮರುದಿನ ಪೌಡರ್‌ಹಾರ್ನ್ ಉದ್ಯಾನದಲ್ಲಿ ವೇದಿಕೆ ಸಿದ್ಧವಾಯಿತು. ಹದಿಮೂರು ಮಂದಿಯ ಕೌನ್ಸಿಲಿನ ಒಂಬತ್ತು ಸದಸ್ಯರು ಆ ವೇದಿಕೆಯ ಮೇಲೆ ನಿಂತು ಈಗಿರುವ ಪೊಲೀಸ್ ವ್ಯವಸ್ಥೆಯನ್ನು ಕಳಚಿಹಾಕುವೆವೆಂದು ವಚನ ಕೊಟ್ಟರು. ಮೇಯರರ ವಿಟೋವನ್ನೂ ಮೀರಬಲ್ಲ ಸಂಖ್ಯೆ ಅದು. ಜಗತ್ತಿನಾದ್ಯಂತ ಪತ್ರಿಕೆಗಳು ಇದನ್ನು ಮುಖಪುಟದಲ್ಲಿ ಅಚ್ಚು ಹಾಕಿದವು.

ಆದರೆ ಆ ಒಂಬತ್ತು ಮಂದಿಗೆ ಆ ಅಧಿಕಾರ ಇತ್ತೇ? ಅಮೆರಿಕದ ನಗರಗಳಿಗೆ ಚಾರ್ಟರ್ ಎಂಬ ಒಂದು ಮೂಲ ನಿಬಂಧನೆ ಇರುತ್ತದೆ, ನಗರದ ಸಂವಿಧಾನವೆಂದೇ ಅದನ್ನು ಕರೆಯಬಹುದು. ಮಿನಿಯಾಪೊಲಿಸಿನ ಚಾರ್ಟರಿನ ಪ್ರಕಾರ ಪೊಲೀಸ್ ಇಲಾಖೆಯ ಮೇಲಿನ ಸಂಪೂರ್ಣ ಅಧಿಕಾರ ಮೇಯರರದು. ಕೌನ್ಸಿಲಿನ ಪಾಲಿಗಿರುವುದು ಹಣದ ಚೀಲ ಮಾತ್ರ. ಆ ಚೀಲದ ಬಾಯಿಯನ್ನೂ ಚಾರ್ಟರ್ ಒಂದು ಮಿತಿಗಿಂತ ಹೆಚ್ಚು ಬಿಗಿಯಲು ಬಿಡುವುದಿಲ್ಲ. 1961ರಲ್ಲಿ ಸೇರಿಸಿದ ಒಂದು ಷರತ್ತಿನಂತೆ ಪ್ರತಿ ಸಾವಿರ ನಿವಾಸಿಗಳಿಗೆ ಕನಿಷ್ಠ 1.7 ಮಂದಿಯ ಲೆಕ್ಕದಲ್ಲಿ ಪೊಲೀಸ್ ಪಡೆಗೆ ಹಣ ಒದಗಿಸಲೇಬೇಕು. 2020ರ ಜನಗಣತಿಯಲ್ಲಿ ನಗರದ ಜನಸಂಖ್ಯೆ 4,29,954. ಗುಣಿಸಿ ನೋಡಿದರೆ 731 ಬರುತ್ತದೆ. ಈ 731 ಎಂಬ ಅಂಕಿಯನ್ನು ನೆನಪಿಟ್ಟುಕೊಳ್ಳಿ.

ಚಾರ್ಟರನ್ನು ತಿದ್ದಲು ಕೌನ್ಸಿಲ್ ಹೊರಟಿತು. ಅದಕ್ಕೆ ನ್ಯಾಯಾಧೀಶರು ನೇಮಿಸಿದ, ಜನರಿಂದ ಚುನಾಯಿತವಲ್ಲದ ಹದಿನೈದು ಮಂದಿಯ ಚಾರ್ಟರ್ ಆಯೋಗದ ಮುಂದೆ ಹೋಗಬೇಕು. ಆ ಆಯೋಗ 2020ರ ಆಗಸ್ಟಿನಲ್ಲಿ ತನಗೆ ಇನ್ನಷ್ಟು ಸಮಯ ಬೇಕೆಂದಿತು. ಇದರಿಂದಾಗಿ ಆ ವರ್ಷದ ಮತಪತ್ರಿಕೆಯಲ್ಲಿ ಪ್ರಶ್ನೆ ಬರಲೇ ಇಲ್ಲ. ವೇದಿಕೆಯಲ್ಲಿ ಒಂದು ಮಧ್ಯಾಹ್ನ ಕೊಟ್ಟ ಮಾತು ಕಾಗದಪತ್ರಗಳ ನಡುವೆ ಎರಡೇ ತಿಂಗಳಲ್ಲಿ ಸಿಕ್ಕಿಕೊಂಡಿತು.

ಡಿಸೆಂಬರಿನಲ್ಲಿ ಬಜೆಟ್ ಬಂತು. ಪೊಲೀಸರಿಗೆ ಮೀಸಲಾಗಿದ್ದ ಸುಮಾರು 17.9 ಕೋಟಿ ಡಾಲರಿನಿಂದ ಸುಮಾರು 80 ಲಕ್ಷ ಡಾಲರನ್ನು ಹಿಂಸೆ ತಡೆಯುವ ಕಾರ್ಯಕ್ರಮಗಳಿಗೂ ಮಾನಸಿಕ ಅಸ್ವಸ್ಥರ ಕರೆಗಳನ್ನು ನಿಭಾಯಿಸುವ ತಂಡಗಳಿಗೂ ವರ್ಗಾಯಿಸಲಾಯಿತು. ನೂರಕ್ಕೆ ನಾಲ್ಕೂವರೆ ಪಾಲು! ಅಧಿಕಾರಿಗಳ ಮಂಜೂರಾದ ಸಂಖ್ಯೆಯನ್ನು 888ರಿಂದ 750ಕ್ಕೆ ಇಳಿಸುವ ಪ್ರಸ್ತಾಪವೂ ಇತ್ತು. ಮೇಯರರು ವಿಟೋದ ಮಾತೆತ್ತಿದ ಮೇಲೆ ಅದು ಒಂದೇ ಮತದ ಅಂತರದಿಂದ ಬಿದ್ದು ಹೋಯಿತು. ಹೊರಗಿನ ಜಗತ್ತು ಮಾತ್ರ 'ಮಿನಿಯಾಪೊಲಿಸ್ ಪೊಲೀಸರನ್ನೇ ರದ್ದುಪಡಿಸಿತು' ಎಂದು ಇಂದಿಗೂ ನಂಬಿಕೊಂಡಿದೆ. ನಮ್ಮ ಕಡೆಯ ಟಿ.ವಿ. ಚರ್ಚೆಗಳಲ್ಲೂ ಈ ಮಾತನ್ನು ನಾವು ಕೇಳಿದ್ದೇವೆ.

ಇಲ್ಲಿ ಇನ್ನೊಂದು ಲೆಕ್ಕವನ್ನು ಪಕ್ಕದಲ್ಲಿಟ್ಟು ನೋಡಬೇಕು. 2021ರ ಮಾರ್ಚಿನಲ್ಲಿ ಅದೇ ಕೌನ್ಸಿಲ್ ಫ್ಲಾಯ್ಡ್ ಕುಟುಂಬಕ್ಕೆ 2.7 ಕೋಟಿ ಡಾಲರ್ ಪರಿಹಾರವನ್ನು ಮಂಜೂರು ಮಾಡಿತು. ಅಷ್ಟೊಂದು ಗದ್ದಲದ ನಂತರ ವರ್ಗಾಯಿಸಿದ ಹಣದ ಮೂರು ಪಟ್ಟಿಗಿಂತ ಹೆಚ್ಚು ಮೊತ್ತ ಒಬ್ಬ ಅಧಿಕಾರಿಯ ಒಂದು ಮೊಣಕಾಲಿಗಾಗಿ ನಗರದ ಬೊಕ್ಕಸದಿಂದ ಹೋಯಿತು. ಅದಕ್ಕೂ ಮೊದಲು, 2017ರಲ್ಲಿ ಸಹಾಯಕ್ಕಾಗಿ ಪೊಲೀಸರಿಗೆ ಕರೆ ಮಾಡಿದ್ದ ಜಸ್ಟಿನ್ ರುಶ್ಚಿಕ್ ಎಂಬ ಮಹಿಳೆಯನ್ನು ಗಸ್ತಿನ ಅಧಿಕಾರಿಯೇ ಗುಂಡಿಕ್ಕಿ ಕೊಂದ ಪ್ರಕರಣದಲ್ಲಿ ನಗರ 2 ಕೋಟಿ ಡಾಲರ್ ತೆತ್ತಿತ್ತು. ಆ ಅಧಿಕಾರಿಯ ಹೆಸರು ಮೊಹಮ್ಮದ್ ನೂರ್, ಸೊಮಾಲಿ ಮೂಲದವರು. ಈ ಹೆಸರನ್ನು ನಾವು ಬೇಕೆಂದೇ ಹೇಳುತ್ತಿದ್ದೇವೆ. ಫ್ಲಾಯ್ಡ್ ಪ್ರಕರಣವನ್ನು ಎತ್ತಿ ಹೇಳಿ ಇದನ್ನು ಮರೆಮಾಚಿದರೆ ನಾವು ನ್ಯಾಯದ ಮಾತನಾಡುವವರಾಗುವುದಿಲ್ಲ, ಪಕ್ಷ ವಹಿಸುವವರಾಗುತ್ತೇವೆ. ಜಸ್ಟಿನ್ ಬಿಳಿಯ ಮಹಿಳೆ. ನೂರ್ ಅವರಿಗೆ ಮೊದಲು ಕೊಲೆಯ ಅಪರಾಧದಲ್ಲಿ ಶಿಕ್ಷೆಯಾಯಿತು. 2021ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ತೆಗೆದುಹಾಕಿ, ಲಘುವಾದ ನರಹತ್ಯೆಯ ಅಪರಾಧವನ್ನಷ್ಟೇ ಉಳಿಸಿತು. ಅದೇ ವರ್ಷ ಶಾವಿನ್‌ಗೆ ಇಪ್ಪತ್ತೆರಡೂವರೆ ವರ್ಷಗಳ ಸೆರೆವಾಸವಾಯಿತು.

ಈಗ ನಗರದ ಉತ್ತರ ಭಾಗಕ್ಕೆ ಬರೋಣ. ಈ ಕಥೆಯಲ್ಲಿ ನಮ್ಮನ್ನು ಹೆಚ್ಚು ಕಾಡಿದ್ದು ಆ ಭಾಗ. ಕರಿಯ ಜನರು ಹೆಚ್ಚಾಗಿರುವ, ಬಡತನ ಹೆಚ್ಚಾಗಿರುವ ಪ್ರದೇಶವದು. ನಗರದಲ್ಲಿ 2019ರಲ್ಲಿ ಐವತ್ತರೊಳಗಿದ್ದ ಕೊಲೆಗಳ ಸಂಖ್ಯೆ 2020ರಲ್ಲಿ ಎಂಬತ್ತನ್ನು ಮೀರಿತು, 2021ರಲ್ಲಿ ತೊಂಬತ್ತನ್ನು ದಾಟಿತು. ಗುಂಡಿನ ಸದ್ದು ಹೆಚ್ಚಾಗಿ ಕೇಳಿದ್ದು ಉತ್ತರದ ಈ ಬೀದಿಗಳಲ್ಲೇ. ಇನ್ನೊಂದೆಡೆ, ಮಾನಸಿಕ ಆಘಾತದ ಕಾರಣ ನೀಡಿ ನೂರಾರು ಪೊಲೀಸರು ಕೆಲಸ ಬಿಟ್ಟರು. ಕೌನ್ಸಿಲ್ ಕಡಿತ ಮಾಡದೆಯೇ ಪಡೆ ಕರಗಿ ಹೋಯಿತು. ಆಗ ಉತ್ತರ ಭಾಗದ ಎಂಟು ಮಂದಿ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಚಾರ್ಟರ್ ಹೇಳಿದಷ್ಟು ಪೊಲೀಸರನ್ನಾದರೂ ನಮಗೆ ಕೊಡಿ ಎಂಬುದು ಅವರ ಮೊರೆ. 2022ರ ಜೂನ್ 20ರಂದು ಮಿನ್ನೆಸೋಟ ರಾಜ್ಯದ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು: ಕೌನ್ಸಿಲ್ ಹಣ ಒದಗಿಸಿದೆ, ಅದರಲ್ಲಿ ಲೋಪವಿಲ್ಲ, 731 ಅಧಿಕಾರಿಗಳನ್ನು ನೇಮಿಸುವುದು ಮೇಯರರ ಸ್ಪಷ್ಟ ಕರ್ತವ್ಯ, ಅದು ಆಗಿಲ್ಲವಾದರೆ ಕಾರಣ ತೋರಿಸಬೇಕು. ಹಣವಿದ್ದರೂ ಸೇರುವವರಿರಲಿಲ್ಲ ಎಂಬುದು ಬೇರೆಯೇ ಮಾತು.

ಪೊಲೀಸರ ಕ್ರೌರ್ಯಕ್ಕೆ ಅತಿ ಹೆಚ್ಚು ಬಲಿಯಾದ ಜನರೇ ಪೊಲೀಸರು ಬೇಕೆಂದು ಕೇಳಿದರಲ್ಲ, ಇದು ಹೇಗೆ? ಕೆಲವರು ಇದನ್ನು ಗೊಂದಲವೆಂದು ನಗುತ್ತಾರೆ. ನಮಗೆ ಇದರಲ್ಲಿ ಗೊಂದಲ ಕಾಣುವುದಿಲ್ಲ. ಮಗ ರಾತ್ರಿ ಹೊರಗೆ ಹೋದಾಗ ತಾಯಿಗೆ ಎರಡು ಭಯಗಳಿರುತ್ತವೆ, ಗೂಂಡಾಗಳ ಕೈಗೆ ಸಿಕ್ಕಾನೇ ಎಂಬುದೊಂದು, ಪೊಲೀಸರ ಕೈಗೆ ಸಿಕ್ಕಾನೇ ಎಂಬುದು ಇನ್ನೊಂದು. ಒಂದು ಭಯ ಇನ್ನೊಂದನ್ನು ಸುಳ್ಳಾಗಿಸುವುದಿಲ್ಲ. ನಮ್ಮ ಎಷ್ಟೋ ಮೊಹಲ್ಲಾಗಳ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಪ್ಪತ್ತು ಸಾವಿರಕ್ಕೂ ಮಿಕ್ಕಿ ಸಹಿಗಳು ಸಂಗ್ರಹವಾಗಿ 2021ರ ನವೆಂಬರ್ 2ರಂದು ಪ್ರಶ್ನೆ ಕೊನೆಗೂ ಮತದಾರರ ಮುಂದೆ ಬಂತು. ಪೊಲೀಸ್ ಇಲಾಖೆಯ ಬದಲು ಸಾರ್ವಜನಿಕ ಸುರಕ್ಷತಾ ಇಲಾಖೆಯೊಂದನ್ನು ರಚಿಸಬೇಕೇ? ಕನಿಷ್ಠ ಸಂಖ್ಯೆಯ ಷರತ್ತನ್ನು ಕೈಬಿಡಬೇಕೇ? ಶೇಕಡಾ 56ರಷ್ಟು ಮಂದಿ ಬೇಡವೆಂದರು. ಉತ್ತರದ ವಾರ್ಡುಗಳೂ ಬೇಡವೆಂದವು. ಹೊಸ ಇಲಾಖೆಯಲ್ಲಿ ಎಷ್ಟು ಪೊಲೀಸರಿರುತ್ತಾರೆ, ರಾತ್ರಿ ಎರಡು ಗಂಟೆಗೆ ಕರೆ ಮಾಡಿದರೆ ಯಾರು ಬರುತ್ತಾರೆ ಎಂಬುದಕ್ಕೆ ಮತ ಕೇಳಿದವರ ಬಳಿ ಖಚಿತ ಉತ್ತರವಿರಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ಅವರ ಸೋಲಿಗೆ ಮುಖ್ಯ ಕಾರಣ ಇದುವೇ. ಅದೇ ದಿನ ಮೇಯರರ ಅಧಿಕಾರವನ್ನು ಹೆಚ್ಚಿಸುವ ಇನ್ನೊಂದು ಪ್ರಸ್ತಾಪಕ್ಕೆ ಜನರು ಒಪ್ಪಿಗೆ ಕೊಟ್ಟರು.

ಹಣದ ವಿಷಯದಲ್ಲಿ ಸೋತವರಿಗೆ ನಿಯಮಗಳ ವಿಷಯದಲ್ಲಿ ಸ್ವಲ್ಪ ಗೆಲುವು ಸಿಕ್ಕಿತು. ಫ್ಲಾಯ್ಡ್ ಸತ್ತ ಹದಿನೈದು ದಿನಗಳೊಳಗೆ ಕುತ್ತಿಗೆ ಅದುಮುವುದನ್ನು ನಿಷೇಧಿಸಲಾಯಿತು, ಸಹೋದ್ಯೋಗಿ ಅತಿರೇಕಕ್ಕಿಳಿದರೆ ತಡೆಯುವುದು ಕಡ್ಡಾಯವಾಯಿತು. ಆದರೆ ನಿಯಮ ಕಾಗದದಲ್ಲಿದ್ದರೆ ಸಾಕೇ? ಬಾಗಿಲು ತಟ್ಟದೆ ಮನೆಗೆ ನುಗ್ಗುವ ವಾರಂಟನ್ನು ನಿಷೇಧಿಸಲಾಗಿದೆಯೆಂದು 2021ರ ಚುನಾವಣೆಯ ವೇಳೆ ಮೇಯರರ ಪ್ರಚಾರದಲ್ಲಿ ಹೇಳಲಾಗಿತ್ತು. ವಾಸ್ತವದಲ್ಲಿ ಅದನ್ನು ಮಿತಗೊಳಿಸಲಾಗಿತ್ತಷ್ಟೇ. 2022ರ ಫೆಬ್ರವರಿ 2ರ ಮುಂಜಾನೆ ಇಂಥದೇ ವಾರಂಟಿನ ಮೇಲೆ ಪೊಲೀಸರು ಒಂದು ಫ್ಲ್ಯಾಟಿಗೆ ನುಗ್ಗಿದರು. ಸೋಫಾದ ಮೇಲೆ ಕಂಬಳಿ ಹೊದ್ದು ಮಲಗಿದ್ದ 22 ವರ್ಷದ ಅಮೀರ್ ಲಾಕ್ ಎಂಬ ಯುವಕ ಪಿಸ್ತೂಲು ಹಿಡಿದು ಏಳುವಷ್ಟರಲ್ಲಿ ಹತ್ತು ಸೆಕೆಂಡುಗಳೊಳಗೆ ಗುಂಡಿಗೆ ಬಲಿಯಾದ. ವಾರಂಟಿನಲ್ಲಿ ಅವನ ಹೆಸರೇ ಇರಲಿಲ್ಲ. ಆತನ ಸಾವಿನ ನಂತರವೇ, ಅದೇ ವರ್ಷದ ಏಪ್ರಿಲಿನಲ್ಲಿ ನಿಷೇಧ ನಿಜವಾಯಿತು. 'ನಿಷೇಧಿಸಲಾಗಿದೆ' ಎಂಬುದಕ್ಕೂ 'ಮಿತಗೊಳಿಸಲಾಗಿದೆ' ಎಂಬುದಕ್ಕೂ ನಡುವಿನ ಅಂತರದಲ್ಲಿ ಒಬ್ಬ ಯುವಕನ ಪ್ರಾಣ ಹೋಯಿತು.

ಅದೇ ತಿಂಗಳು ರಾಜ್ಯದ ಮಾನವ ಹಕ್ಕುಗಳ ಇಲಾಖೆ, ಈ ಪೊಲೀಸ್ ಪಡೆ ಜನಾಂಗೀಯ ತಾರತಮ್ಯವನ್ನು ರೂಢಿಯಾಗಿಸಿಕೊಂಡಿದೆಯೆಂದು ವರದಿ ನೀಡಿತು. 2023ರಲ್ಲಿ ನಗರವು ನ್ಯಾಯಾಲಯದ ಉಸ್ತುವಾರಿಯ ಒಪ್ಪಂದಕ್ಕೆ ಸಹಿ ಹಾಕಿತು. ವಾಹನದ ಒಂದು ದೀಪ ಉರಿಯುತ್ತಿಲ್ಲವೆಂಬಂಥ ಕ್ಷುಲ್ಲಕ ನೆಪದಲ್ಲಿ ತಡೆಯುವಂತಿಲ್ಲ, ಗಾಂಜಾದ ವಾಸನೆ ಬಂತೆಂದಷ್ಟೇ ಹೇಳಿ ಜಪ್ತಿ ಮಾಡುವಂತಿಲ್ಲ ಎಂಬಂತಹ ಷರತ್ತುಗಳು ಅದರಲ್ಲಿವೆ. ಕೇಂದ್ರ ಸರಕಾರದ ಜತೆಗಿನ ಇನ್ನೊಂದು ಒಪ್ಪಂದ 2025ರ ಜನವರಿಯಲ್ಲಿ ಸಿದ್ಧವಾಗಿತ್ತು. ವಾಷಿಂಗ್ಟನ್ನಿನಲ್ಲಿ ಸರಕಾರ ಬದಲಾದ ಮೇಲೆ ಮೇ ತಿಂಗಳಲ್ಲಿ, ಫ್ಲಾಯ್ಡ್ ಸಾವಿನ ಐದನೇ ವರ್ಷ ತುಂಬುವ ಕೆಲವೇ ದಿನಗಳ ಮುಂಚೆ, ಅದರಿಂದ ಕೇಂದ್ರ ಹಿಂದೆ ಸರಿಯಿತು. ಹಣದ ಕಥೆ ಎಲ್ಲಿಗೆ ಬಂತೆನ್ನುವಿರಾ? 2024ರಲ್ಲಿ ಕೌನ್ಸಿಲ್ ಪೊಲೀಸರಿಗೆ ಮೂರು ವರ್ಷಗಳಲ್ಲಿ ಶೇಕಡಾ 21.7ರಷ್ಟು ವೇತನ ಏರಿಕೆ ನೀಡುವ ಒಪ್ಪಂದವನ್ನು ಅಂಗೀಕರಿಸಿತು. ಆದರೆ 2021ರ ಡಿಸೆಂಬರಿನಲ್ಲಿ ಆರಂಭವಾದ, ಶಸ್ತ್ರವಿಲ್ಲದೆ ಮಾನಸಿಕ ಅಸ್ವಸ್ಥರ ಕರೆಗಳಿಗೆ ಹೋಗುವ ತಂಡಗಳೂ ಕೈಬಿಟ್ಟು ಹೋಗಲಿಲ್ಲ. ಗದ್ದಲವಿಲ್ಲದೆ ಉಳಿದುಕೊಂಡದ್ದು ಅದೊಂದು.

ನಮ್ಮ ನಾಡಿಗೆ ಮರಳೋಣ. ಇಲ್ಲಿ ಪ್ರಶ್ನೆ ಕೇಳುವ ಬಾಗಿಲು ವಾರ್ಡ್ ಸಭೆಯಲ್ಲಿಲ್ಲ, ವಿಧಾನಸಭೆಯಲ್ಲಿದೆ. ಪೊಲೀಸ್ ಇಲಾಖೆಯ ಬೇಡಿಕೆಗಳ ಮೇಲೆ ಅಲ್ಲಿ ಪ್ರತಿ ವರ್ಷ ಮತ ಬೀಳುತ್ತದೆ. ನಮ್ಮ ಶಾಸಕರು ಆ ದಿನ ಏನು ಮಾತನಾಡಿದರೆಂದು ನಮ್ಮಲ್ಲಿ ಎಷ್ಟು ಮಂದಿ ವಿಚಾರಿಸಿದ್ದೇವೆ? 2006ರ ಸೆಪ್ಟೆಂಬರ್ 22ರಂದು ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ರಾಜ್ಯ ಮತ್ತು ಜಿಲ್ಲಾ ಮಟ್ಟಗಳಲ್ಲಿ ಪೊಲೀಸ್ ದೂರು ಪ್ರಾಧಿಕಾರಗಳನ್ನು ರಚಿಸಲು ಆದೇಶಿಸಿತು. ಕರ್ನಾಟಕ ಪೊಲೀಸ್ ಕಾಯ್ದೆಗೆ 2012ರಲ್ಲಿ ಅದಕ್ಕಾಗಿ ತಿದ್ದುಪಡಿಯೂ ಆಯಿತು. 2020ರ ಡಿಸೆಂಬರ್ 2ರಂದು ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಪ್ರತಿ ಠಾಣೆಯ ಲಾಕಪ್, ಪ್ರವೇಶದ್ವಾರ, ವರಾಂಡಗಳಲ್ಲಿ ಧ್ವನಿಸಹಿತ ಕ್ಯಾಮರಾ ಅಳವಡಿಸಬೇಕೆಂದೂ ಅದಕ್ಕೆ ಸರಕಾರಗಳು ಹಣ ಒದಗಿಸಬೇಕೆಂದೂ ಆದೇಶವಾಯಿತು. ಬೀದಿಯಲ್ಲಿ ನಮ್ಮನ್ನು ನೋಡುವ ಕ್ಯಾಮರಾಗಳ ಬಗ್ಗೆ ನಮಗೆ ಗೊತ್ತಿದೆ. ಠಾಣೆಯೊಳಗಿನ ಕ್ಯಾಮರಾ ಕೆಲಸ ಮಾಡುತ್ತಿದೆಯೇ, ದೃಶ್ಯಗಳನ್ನು ಎಷ್ಟು ತಿಂಗಳು ಕಾಪಿಡುತ್ತಾರೆ, ಅದಕ್ಕೆ ಈ ವರ್ಷ ಎಷ್ಟು ಹಣ ಬಂದಿದೆ ಎಂದು ಮಾಹಿತಿ ಹಕ್ಕಿನಡಿ ಕೇಳಲು ಹತ್ತು ರೂಪಾಯಿ ಸಾಕು.

ಆ ವೃದ್ಧರು ತಮ್ಮ ಅರ್ಜಿಯನ್ನು ಸಭೆಯಿಂದ ಮರಳಿ ಪಡೆದು, ಮಡಚಿ ಜೇಬಿಗೆ ಹಾಕಿಕೊಂಡು ಠಾಣೆಗೆ ಹೋದರು. ಠಾಣೆಯಲ್ಲಿ ಸಿಬ್ಬಂದಿ ಕಡಿಮೆಯೆಂದರು. ಅಲ್ಲಿಂದ ಶಾಸಕರ ಕಚೇರಿಗೆ ಹೋದರು. ಅಲ್ಲಿ ಅರ್ಜಿಗೆ ಮೊಹರು ಬಿತ್ತು. ತಿರುವಿನಲ್ಲಿ ಬೀದಿದೀಪವೊಂದು ಬಂದಿದೆ, ಹೊರಠಾಣೆ ಇನ್ನೂ ಬಂದಿಲ್ಲ. ನಿಮ್ಮಲ್ಲಿ ಯಾರಾದರೂ ಮಾಹಿತಿ ಹಕ್ಕಿನ ಅರ್ಜಿ ಬರೆಯಲು ಸಿದ್ಧರಿದ್ದರೆ ಸಭೆಯ ನಂತರ ನಮ್ಮನ್ನು ಕಾಣಬೇಕು. ನಮೂನೆಗಳನ್ನು ತಂದಿದ್ದೇವೆ.