ತಾಯಿಯಿಂದ ಬಂದ ಬಳುವಳಿ

ಗ್ರಹಣದ ಹೊತ್ತಿನಲ್ಲಿ ಬಸುರಿಯರನ್ನು ಒಳಕೋಣೆಯಲ್ಲಿ ಕೂರಿಸುವ ರೂಢಿ ಭಟ್ಕಳ, ಹೊನ್ನಾವರ, ಕುಮಟೆಗಳ ಕೆಲವು ಮನೆಗಳಲ್ಲಿ ಇಂದಿಗೂ ಉಂಟು. ಮಗುವಿನಲ್ಲಿ ಊನ ಕಂಡರೆ ವಿಚಾರಣೆ ನಡೆಯುವುದು ತಾಯಿಗೆ. ತಾಯಿಯಿಂದಲೇ ಕೂಸಿಗೆ ತಲುಪಿಯೂ ಅವಳ ತಪ್ಪಲ್ಲದ ಒಂದು ತೊಡಕಿನ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ರೋಗಾಣುಗಳನ್ನು ಎದುರಿಸಲು ನಮ್ಮ ನೆತ್ತರಿನಲ್ಲಿ ಪ್ರತಿಕಾಯಗಳಿವೆ. ತಾಯಿಯ ಪ್ರತಿಕಾಯಗಳು ಮಾಸನ್ನು ದಾಟಿ ಶಿಶುವನ್ನು ಸೇರುತ್ತವೆ. ಹುಟ್ಟಿದ ಮೊದಲ ತಿಂಗಳುಗಳಲ್ಲಿ ಅದನ್ನು ಕಾಯುವವು ಅವೇ. ಆದರೆ ಕೆಲವರ ದೇಹವು ತನ್ನದೇ ಜೀವಕೋಶಗಳ ಮೇಲೆ ಪ್ರತಿಕಾಯಗಳನ್ನು ಹುಟ್ಟಿಸಿಕೊಳ್ಳುತ್ತದೆ. ಮಾಸಿಗೆ ಈ ಭೇದ ತಿಳಿಯದು; ಎರಡನ್ನೂ ಒಳಗೆ ಬಿಡುತ್ತದೆ. ಜೀವಕೋಶದ ರೋ, ಲಾ ಎಂಬ ಅಂಶಗಳ ವಿರುದ್ಧ ಹುಟ್ಟಿದ ಪ್ರತಿಕಾಯಗಳು ಹೀಗೆ ದಾಟಿದರೆ ಕೆಲವು ಕೂಸುಗಳ ಮೈಮೇಲೆ ಕೆಂಪು ಚಕ್ಕೆಗಳು ಏಳುತ್ತವೆ. ತಾಯಿಯ ಪ್ರತಿಕಾಯ ಕರಗಿದಂತೆ, ಆರೆಂಟು ತಿಂಗಳಲ್ಲಿ, ಅವು ಮಾಯುತ್ತವೆ. ಮಾಯದಿರುವುದು ಹೃದಯದ ಗಾಯ. ಬಡಿತದ ಸಂಕೇತವನ್ನು ಒಯ್ಯುವ ತಂತು ಪೂರ್ತಿ ಕಡಿದರೆ ಮತ್ತೆ ಕೂಡದು. ನಿಮಿಷಕ್ಕೆ 110ರಿಂದ 160 ಸಲ ಮಿಡಿಯಬೇಕಾದ ಗರ್ಭದ ಗುಂಡಿಗೆ 60ರ ಆಸುಪಾಸಿಗೆ ಇಳಿಯುತ್ತದೆ. ಇದು ಹೆಚ್ಚಾಗಿ 16ರಿಂದ 26ನೆಯ ವಾರದೊಳಗೆ ನಡೆಯುತ್ತದೆ.

ತಾಯಿಗೆ ಎಷ್ಟೋ ಸಲ ಯಾವ ಬೇನೆಯೂ ಇರುವುದಿಲ್ಲ. ಇದ್ದರೂ ಯಾರು ಗಮನಿಸುತ್ತಾರೆ? ಬೆವರು ಆರದ ನಮ್ಮ ಕರಾವಳಿಯಲ್ಲಿ ಒಬ್ಬ ಹೆಂಗಸು 'ಕಣ್ಣು, ಬಾಯಿ ಒಣಗುತ್ತದೆ, ನೀರಿಲ್ಲದೆ ತುತ್ತು ಇಳಿಯದು' ಎಂದರೆ, ಉಷ್ಣವಾಗಿದೆ, ಎಳನೀರು ಕುಡಿ ಎಂದು ಹೇಳಿ ಮುಗಿಸುತ್ತೇವೆ. ಗಂಟುನೋವು, ಬಿಸಿಲಿಗೆ ಏಳುವ ಗಂದೆ, ಇವುಗಳ ಗತಿಯೂ ಅದೇ. ಬಸುರಿ ಈ ಮಾತನ್ನು ವೈದ್ಯರ ಮುಂದೆ ಆಡಿದರೆ ಒಂದು ರಕ್ತಪರೀಕ್ಷೆಗೆ ದಾರಿಯಾದೀತು.

ಹೆದರಿಸುವುದು ನನ್ನ ಉದ್ದೇಶವಲ್ಲ. ರೋ ಪ್ರತಿಕಾಯವಿರುವ ತಾಯಂದಿರಲ್ಲಿಯೂ ನೂರಕ್ಕೆ ಒಂದೆರಡು ಶಿಶುಗಳಿಗೆ ಮಾತ್ರ ಹೃದಯದ ತೊಂದರೆ. ಒಂದು ಮಗುವಿಗೆ ಹಾಗಾಗಿದ್ದರೆ ಮುಂದಿನದಕ್ಕೆ ನೂರರಲ್ಲಿ ಹದಿನಾರು, ಹದಿನೆಂಟರ ಸಂಭವ. ಮಲೇರಿಯಾಕ್ಕೆಂದು ಬಂದ ಹೈಡ್ರಾಕ್ಸಿಕ್ಲೋರೋಕ್ವಿನ್ ಗುಳಿಗೆಯನ್ನು ಬಸುರಿನ ಮೊದಲಿನಿಂದಲೇ ಕೊಟ್ಟರೆ ಅದು ಏಳೆಂಟಕ್ಕೆ ಇಳಿಯುವುದೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು.

ಬಡಿತ ನಿಧಾನವೆಂಬ ಸಂಶಯ ಹಳ್ಳಿಯ ದಾದಿಗೂ ಬರಬಹುದು, ಎಣಿಸಿದರೆ. ಗರ್ಭದ ಹೃದಯವನ್ನು ಚಿತ್ರದಲ್ಲಿ ಪರೀಕ್ಷಿಸಲು ಇಲ್ಲಿಯವರು ಮಣಿಪಾಲದ ಹಾದಿ ಹಿಡಿಯುತ್ತಾರೆ. ಭಟ್ಕಳದಿಂದ ಸುಮಾರು 90 ಕಿಲೋಮೀಟರು, ಕುಮಟೆಯಿಂದ 150ರಷ್ಟು. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂದು 2022ರಲ್ಲಿ ಇಲ್ಲಿಯ ಜನ ಬೀದಿಗಿಳಿದುದು ಸುಮ್ಮನಲ್ಲ. ಹಾಗೆ ಹುಟ್ಟಿದ ಮಕ್ಕಳಲ್ಲಿ ಬಹುಮಂದಿಗೆ ಪೇಸ್‌ಮೇಕರ್ ಬೇಕಾಗುತ್ತದೆ. ಅದನ್ನು ಮೈಯೊಳಗಿಟ್ಟುಕೊಂಡು ಶಾಲೆಗೆ ಹೋಗುವ ಮಕ್ಕಳಿದ್ದಾರೆ.