ಘಟ್ಟದ ರಸ್ತೆಯಲ್ಲಿ ಪಿಕಪ್ ಮತ್ತು ಚಿಕ್ಕ ಕಾರು



ಪರಿಸರವೆಂದೊಡನೆ ಕಾಡು, ನದಿ, ಗುಡ್ಡಗಳು ನೆನಪಾಗುವುದು ಸಹಜ. ಅವುಗಳ ನಡುವೆ ಹಾದುಹೋಗುವ ರಸ್ತೆಯೂ ಪರಿಸರದ ಭಾಗವೇ ಎಂಬುದು ಮಾತ್ರ ಮರೆತುಹೋಗುತ್ತದೆ. ಕಾರವಾರ ಮತ್ತು ಅಂಕೋಲಾ ತಾಲೂಕುಗಳಲ್ಲಿ ಒಂದೆಡೆ ಗುಡ್ಡ, ಇನ್ನೊಂದೆಡೆ ಹೊಳೆ ಅಥವಾ ಕಡಲು. ಇವೆರಡರ ನಡುವಿನ ಕಿರಿದಾದ ಪಟ್ಟಿಯ ಮೇಲೆ ದಿನವೂ ಎದುರುಬದುರಾಗುವ ಎರಡು ಬಗೆಯ ಜನರಿದ್ದಾರೆ: ಪಿಕಪ್ ಓಡಿಸುವವರು ಮತ್ತು ಚಿಕ್ಕ ಕಾರು ಓಡಿಸುವವರು. ಇವರು ಒಬ್ಬರನ್ನೊಬ್ಬರು ಹೇಗೆ ಕಾಣುತ್ತಾರೆ, ಆ ನೋಟದಲ್ಲಿ ಎಷ್ಟು ನಿಜ, ಎಷ್ಟು ತಪ್ಪುಗ್ರಹಿಕೆ ಎಂಬುದೇ ಇಂದಿನ ವಿಚಾರ.

ಕಾರಿನವರ ದೂರು ಎಲ್ಲರಿಗೂ ಪರಿಚಿತವಾದುದು. ಪಿಕಪ್ಪಿನವರು ಬೆನ್ನಿಗೆ ಅಂಟಿಕೊಂಡು ಬರುತ್ತಾರೆ, ಹಾರನ್ ನಿಲ್ಲಿಸುವುದಿಲ್ಲ, ರಾತ್ರಿ ಲೈಟ್ ಡಿಮ್ ಮಾಡುವುದಿಲ್ಲ, ಮೀನಿನ ನೀರನ್ನು ರಸ್ತೆಯುದ್ದಕ್ಕೂ ಸುರಿಸುತ್ತ ಹೋಗುತ್ತಾರೆ. ಪಿಕಪ್ಪಿನವರ ದೂರೂ ಅಷ್ಟೇ ಗಟ್ಟಿಯಾದುದು. ಕಾರಿನವರು ನಡುರಸ್ತೆ ಬಿಟ್ಟು ಸರಿಯುವುದಿಲ್ಲ. ಏರಿನಲ್ಲಿ ಕಾರಣವಿಲ್ಲದೆ ಬ್ರೇಕ್ ಒತ್ತುತ್ತಾರೆ. ಮಳೆಗಾಲದಲ್ಲಿ ನೀರು ಧುಮುಕುವುದು ಕಂಡರೆ ತಿರುವಿನಲ್ಲೇ ಗಾಡಿ ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಒಬ್ಬರ ಕಣ್ಣಿಗೆ ಇನ್ನೊಬ್ಬರು ಪುಂಡರು. ಅವರ ಕಣ್ಣಿಗೆ ಇವರು ರಸ್ತೆಯನ್ನು ಮನೆಯ ಅಂಗಳವೆಂದು ತಿಳಿದವರು.

ಈ ದೂರುಗಳಲ್ಲಿ ಕೆಲವು ಸ್ವಭಾವಕ್ಕೆ ಸೇರಿದವು, ಕೆಲವು ಕೇವಲ ಯಂತ್ರಕ್ಕೆ ಸೇರಿದವು. ಹೆಡ್‌ಲೈಟಿನ ಸಂಗತಿಯನ್ನೇ ನೋಡಬಹುದು. ಪಿಕಪ್ಪಿನ ದೀಪಗಳು ಕಾರಿನ ದೀಪಗಳಿಗಿಂತ ಎತ್ತರದಲ್ಲಿರುತ್ತವೆ. ಹಿಂಭಾಗದಲ್ಲಿ ಒಂದು ಟನ್ನಿನಷ್ಟು ಭಾರ ಬಿದ್ದಾಗ ಹಿಂದಿನ ಸ್ಪ್ರಿಂಗ್ ಪಟ್ಟಿಗಳು ಕುಗ್ಗಿ ಮೂತಿ ತುಸು ಮೇಲೇಳುತ್ತದೆ. ಆಗ ಡಿಮ್ ಮಾಡಿದ ಬೆಳಕು ಕೂಡ ಎದುರಿನ ತಗ್ಗಾದ ಕಾರಿನ ಚಾಲಕನ ಕಣ್ಣಿಗೇ ಹೊಡೆಯುತ್ತದೆ. ಡಿಮ್ ಮಾಡದ ಚಾಲಕರು ಇಲ್ಲವೆಂದಲ್ಲ. ಆದರೆ ಡಿಮ್ ಮಾಡಿದವನೂ ಬೈಗುಳ ತಿನ್ನುತ್ತಾನೆ ಎಂಬುದು ತಿಳಿದಿರಬೇಕು.

ಏರಿನ ಕಥೆಯೂ ಹೀಗೆಯೇ. ಭಾರ ತುಂಬಿದ ಗಾಡಿ ಏರಿನಲ್ಲಿ ಒಮ್ಮೆ ವೇಗ ಕಳೆದುಕೊಂಡರೆ ಮತ್ತೆ ಮೊದಲ ಗೇರಿನಿಂದ ಎಳೆಯಬೇಕು. ಕಾರಿನವನಿಗೆ ಬೆನ್ನಟ್ಟಿದಂತೆ ಕಾಣುವುದು ಅನೇಕ ಸಲ ಆ ಓಟವನ್ನು ಉಳಿಸಿಕೊಳ್ಳುವ ಪ್ರಯತ್ನ. ಹಾಗೆಂದು ಅದು ಅಪಾಯವಲ್ಲವೆಂದು ಹೇಳಲಾಗದು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಸಾಗುವ ಯಾವ ವಾಹನವೂ, ಚಾಲಕ ಬ್ರೇಕಿಗೆ ಕಾಲಿಡಲು ತೆಗೆದುಕೊಳ್ಳುವ ಒಂದು ಸೆಕೆಂಡಿನಲ್ಲೇ ಸುಮಾರು 17 ಮೀಟರ್ ಮುಂದೆ ಹೋಗಿರುತ್ತದೆ. ವೇಗ 40ರಿಂದ 60ಕ್ಕೆ ಏರಿದರೆ ತಡೆಯಬೇಕಾದ ಶಕ್ತಿ ಎರಡೂಕಾಲು ಪಟ್ಟಾಗುತ್ತದೆ. ಇಳಿಜಾರಿನಲ್ಲಿ ಕಾದ ಬ್ರೇಕಿಗೆ ಈ ಲೆಕ್ಕವನ್ನು ತಪ್ಪಿಸುವ ಉಪಾಯ ತಿಳಿದಿಲ್ಲ.

ಇನ್ನು ಅವಸರದ ವಿಷಯ. ಕಾರವಾರದ ಬೈತಖೋಲ ಬಂದರಿನಿಂದ ಹೊರಡುವ ಮೀನಿಗೆ ಮಂಜುಗಡ್ಡೆ ಕರಗುವಷ್ಟೇ ಅವಧಿ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುವುದರಿಂದ, ಆ ಬಾಡಿಗೆಯನ್ನೇ ನಂಬಿದ ಪಿಕಪ್ಪಿನವನು ಹತ್ತು ತಿಂಗಳ ದುಡಿಮೆಯಲ್ಲಿ ಹನ್ನೆರಡು ತಿಂಗಳ ಕಂತು ಕಟ್ಟಬೇಕು. ಬೇಸಿಗೆಯಲ್ಲಿ ಅಂಕೋಲೆಯ ಕರಿ ಇಶಾಡ ಮಾವು ಮಾರುಕಟ್ಟೆಗೆ ಹೋಗುತ್ತದೆ. 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಈ ಹಣ್ಣಿನ ಸಿಪ್ಪೆ ತೆಳು. ದಾರಿಯಲ್ಲಿ ತಡವಾದರೂ, ಗಾಡಿ ಕುಲುಕಿದರೂ ನಷ್ಟವೇ. ವೇಗದ ಹಿಂದೆ ಹೀಗೆ ಒಂದು ಅಂಜಿಕೆಯೂ ಇರುತ್ತದೆ.

ಆದರೆ ಕಾರಿನಲ್ಲಿರುವವರೆಲ್ಲ ವಿಹಾರಕ್ಕೆ ಹೊರಟವರೆಂದು ಪಿಕಪ್ಪಿನವನು ಭಾವಿಸಿದರೆ ಅದೂ ತಪ್ಪೇ. ಉತ್ತರ ಕನ್ನಡದ ಜನ ದೊಡ್ಡ ಕಾಯಿಲೆ ಬಂದಾಗ ಮಂಗಳೂರು, ಮಣಿಪಾಲ, ಹುಬ್ಬಳ್ಳಿ ಅಥವಾ ಗೋವೆಯ ಆಸ್ಪತ್ರೆಗಳಿಗೆ ಓಡುತ್ತ ಬಂದಿದ್ದಾರೆ. ಅರಬೈಲು ಘಟ್ಟದಲ್ಲಿ ನಿಧಾನವಾಗಿ ಏರುತ್ತಿರುವ ಹಳೆಯ ಮಾರುತಿಯ ಹಿಂಬದಿಯಲ್ಲಿ ಶಸ್ತ್ರಚಿಕಿತ್ಸೆಯ ಹೊಲಿಗೆ ಬಿಚ್ಚದ ರೋಗಿ ಮಲಗಿರಬಹುದು. ಹಿಲ್ಲೂರು, ಅಚವೆಗಳಂಥ ಊರುಗಳಲ್ಲಿ ಪಿಕಪ್ ಚಾಲಕನ ಮನೆಯ ಬಾಣಂತಿಯನ್ನು ಪೇಟೆಯ ಆಸ್ಪತ್ರೆಗೆ ಮುಟ್ಟಿಸಲು ನೆರೆಮನೆಯ ಕಾರೇ ಬೇಕು. ಆ ಕಾರಿನವನ ಅಡಿಕೆ ಮೂಟೆ ಪೇಟೆ ಸೇರಲು ಪಿಕಪ್ಪೇ ಬೇಕು. ಊರಿನೊಳಗೆ ಒಬ್ಬರಿಗೊಬ್ಬರು ಆಗಿಬರುವ ಜನ ಹೆದ್ದಾರಿಗೆ ಬಂದೊಡನೆ ಹೆಸರಿಲ್ಲದವರಾಗಿ, ಬರಿಯ ಗಾಡಿಗಳಾಗಿಬಿಡುತ್ತಾರೆ.

ಈ ವೈಮನಸ್ಯ ಸದಾಕಾಲ ಹೀಗೆಯೇ ಇತ್ತೆಂದೂ ಹೇಳುವಂತಿಲ್ಲ. ಬಳ್ಳಾರಿ, ಹೊಸಪೇಟೆಗಳ ಕಬ್ಬಿಣದ ಅದಿರು ಬೇಲೆಕೇರಿ ಮತ್ತು ಕಾರವಾರ ಬಂದರುಗಳಿಗೆ ಹರಿದುಬರುತ್ತಿದ್ದ ಕಾಲದಲ್ಲಿ ಹುಬ್ಬಳ್ಳಿ–ಅಂಕೋಲಾ ರಸ್ತೆಯನ್ನು ಅದಿರು ಲಾರಿಗಳು ಆಳುತ್ತಿದ್ದವು. 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತಿಗೆ ತಡೆಯೊಡ್ಡುವವರೆಗೂ ಪಿಕಪ್ ಮತ್ತು ಕಾರು ಎರಡೂ ಆ ಲಾರಿಗಳೆದುರು ಸಣ್ಣವೇ ಆಗಿದ್ದವು. ಎರಡೂ ಒಂದೇ ಕೆಂಧೂಳು ಕುಡಿದು ಒಂದೇ ಅಂಚಿಗೆ ಸರಿಯುತ್ತಿದ್ದವು. ರಸ್ತೆಯಲ್ಲಿ ದೊಡ್ಡವರಾರು, ಸಣ್ಣವರಾರು ಎಂಬುದು ಎದುರಿಗೆ ಬಂದವರನ್ನು ಅವಲಂಬಿಸಿದೆ. ಇಂದು ಪಿಕಪ್ಪಿಗೆ ಹೆದರುವ ಕಾರು, ಶಾಲೆಗೆ ನಡೆದುಹೋಗುವ ಮಗುವಿನ ಪಾಲಿಗೆ ತಾನೇ ಪಿಕಪ್ ಆಗಿದೆ.

ಇವರಿಬ್ಬರ ಜಗಳದಲ್ಲಿ ರಸ್ತೆಯ ತಪ್ಪು ಮರೆಯಾಗುತ್ತದೆ ಎಂಬುದು ಮುಖ್ಯವಾದ ಮಾತು. ನಾಲ್ಕು ಪಥದ 66ನೇ ಹೆದ್ದಾರಿಯಲ್ಲಿ ವೇಗಕ್ಕೆ ಒಗ್ಗಿದ ಚಾಲಕ ಬಾಳೆಗುಳಿಯಲ್ಲಿ ತಿರುಗಿ, ಹಿಂದೆ 63 ಎಂದಿದ್ದ ಈಗಿನ 52ನೇ ಹೆದ್ದಾರಿಗೆ ಬರುತ್ತಾನೆ. ರಸ್ತೆ ಕಿರಿದಾಗುತ್ತದೆ, ಕಾಲು ಮಾತ್ರ ಹಳೆಯ ವೇಗದಲ್ಲೇ ಇರುತ್ತದೆ. 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡ ಕುಸಿದಾಗ, ಚಹದಂಗಡಿ ನಡೆಸುತ್ತಿದ್ದ ಕುಟುಂಬದವರೂ ದಣಿವಾರಿಸಿಕೊಳ್ಳಲು ನಿಂತಿದ್ದ ಚಾಲಕರೂ ಮಣ್ಣುಪಾಲಾದರು, ಗಂಗಾವಳಿಯ ಪಾಲಾದರು. ಅಂಥ ಅಂಗಡಿಗಳ ಬೆಂಚಿನ ಮೇಲೆಯೇ ಕಾರಿನವನೂ ಲಾರಿಯವನೂ ಪಕ್ಕಪಕ್ಕ ಕುಳಿತು ಮಾತಾಡುವುದು. ಗುಡ್ಡ ಬೀಳುವಾಗ ಯಾರ ಗಾಡಿ ಯಾವುದೆಂದು ನೋಡಲಿಲ್ಲ.

2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ಹಣ್ಣು-ತರಕಾರಿಯ ಲಾರಿ ಯಲ್ಲಾಪುರ ತಾಲೂಕಿನ ಗುಳ್ಳಾಪುರದ ಬಳಿ ಕಣಿವೆಗೆ ಉರುಳಿ 10 ಮಂದಿ ವ್ಯಾಪಾರಿಗಳು ಮೃತಪಟ್ಟರು. ಇನ್ನೊಂದು ವಾಹನಕ್ಕೆ ದಾರಿ ಬಿಡಲು ಲಾರಿ ಎಡಕ್ಕೆ ಸರಿದಿತ್ತೆಂದು ಪೊಲೀಸರು ತಿಳಿಸಿದ್ದರು. ಅಲ್ಲಿ ಕಣಿವೆಯ ಕಡೆಗೆ ತಡೆಗೋಡೆ ಇರಲಿಲ್ಲ. ಸರಕಿನ ಮೇಲೆ ಜನರನ್ನು ಕೂರಿಸಿದ್ದು ತಪ್ಪೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ದಾರಿ ಬಿಡುವುದು ಸೌಜನ್ಯ. ಆ ಸೌಜನ್ಯಕ್ಕೆ ಪ್ರಾಣವೇ ಬೆಲೆಯಾಗುವ ರಸ್ತೆಯಲ್ಲಿ "ಅವನೇಕೆ ಸರಿಯುವುದಿಲ್ಲ" ಎಂದು ಬೈಯುವ ಮೊದಲು, ಸರಿಯಲು ಅಲ್ಲಿ ಜಾಗವಿದೆಯೇ ಎಂದು ನೋಡಬೇಕು.

ಮಾಡಬಹುದಾದ ಕೆಲಸಗಳು ದೊಡ್ಡವೇನಲ್ಲ. ಇಬ್ಬರಿಗೂ ಜಾಗ ಸಾಲದ ಘಟ್ಟದ ರಸ್ತೆಯಲ್ಲಿ ಇಳಿಯುವವನು ನಿಂತು, ಏರುವವನಿಗೆ ದಾರಿ ಕೊಡಬೇಕೆಂಬುದು 1989ರ ರಸ್ತೆ ನಿಯಮಗಳಲ್ಲೇ ಇದ್ದ ಮಾತು. 2017ರ ನಿಯಮಗಳಲ್ಲೂ ಉಳಿದಿದೆ. ಈ ಒಂದು ನಿಯಮ ಎರಡೂ ಕಡೆಯವರಿಗೆ ತಿಳಿದಿದ್ದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ಮೀನು ಗಾಡಿಗೆ ನೀರು ಹಿಡಿಯುವ ತೊಟ್ಟಿ ಬೇಕು. ಆ ನೀರಿನಲ್ಲಿ ಮೊದಲು ಜಾರಿ ಬೀಳುವವನು ಬೈಕಿನವನು. ಫೋಟೋ ತೆಗೆಯುವ ಕಾರಿಗೆ ತಿರುವು ದಾಟಿ ನಿಲ್ಲುವ ತಾಳ್ಮೆ ಬೇಕು. ಭಾರ ಹೊತ್ತ ಪಿಕಪ್ಪಿನ ದೀಪವನ್ನು ಗ್ಯಾರೇಜಿನಲ್ಲಿ ಕೆಳಗಿಳಿಸಿ ಕೂರಿಸಲು ಹೆಚ್ಚು ಹೊತ್ತು ಬೇಕಿಲ್ಲ.

ವಿದ್ಯಾರ್ಥಿಗಳು ತಮ್ಮೂರಿನ ರಸ್ತೆಯಲ್ಲಿ ತಡೆಗೋಡೆಯಿಲ್ಲದ ಅಂಚುಗಳನ್ನು, ಗಾಡಿ ಸರಿದು ನಿಲ್ಲಲು ಜಾಗವಿಲ್ಲದ ತಿರುವುಗಳನ್ನು, ಮಳೆಗೆ ಬಿರುಕು ಬಿಟ್ಟ ಗುಡ್ಡದ ಕಡಿತಗಳನ್ನು ಹಿರಿಯರೊಂದಿಗೆ ಸುರಕ್ಷಿತ ಜಾಗದಲ್ಲಿ ನಿಂತು ಗುರುತಿಸಿ ಪಟ್ಟಿ ಮಾಡಲಿ. ಆ ಪಟ್ಟಿ ಗ್ರಾಮಸಭೆಯ ನಡಾವಳಿಯಲ್ಲಿ ದಾಖಲಾಗಲಿ, ಹೆದ್ದಾರಿ ಇಲಾಖೆಗೆ ಹೋಗಲಿ. ಅದರ ಕೆಳಗೆ ಪಿಕಪ್ ಚಾಲಕರ ಸಹಿಯೂ ಕಾರಿನವರ ಸಹಿಯೂ ಒಟ್ಟಿಗಿರಲಿ. ಮುಂದಿನ ಮಳೆಗಾಲದೊಳಗೆ ಈ ಕೆಲಸವಾಗಬೇಕು.